ಕೆಂಪು ಅಕ್ಷರಕ್ಕೆ ಹೆದರಿದ ಕಾಲೇಜು

ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಒಂದು ಚುಕ್ಕೆ ಬಿಟ್ಟುಹೋದರೂ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತದೆ. ಅದು ಬಂದ ಕೂಡಲೇ ಶಿವನಿ ಊರಿನ ಕಡೆಯ ಒಂದು ಪಿಯು ಕಾಲೇಜಿನ ಮಕ್ಕಳು ಹಾವು ಕಂಡವರಂತೆ ಹಿಂದಕ್ಕೆ ಹಾರುತ್ತಿದ್ದರು.

“ಅದು ಬೈಗುಳ ಅಲ್ಲ ಕಣ್ರೋ! ಎಷ್ಟನೇ ಸಾಲಲ್ಲಿ ತಪ್ಪೈತೆ ಅಂತ ಹೇಳ್ತೈತೆ, ಓದ್ರೋ!” ಎಂದು ಅತಿಥಿ ಉಪನ್ಯಾಸಕ ಓಂಕಾರೇಶ್ ಮೂರು ತಿಂಗಳಿಂದ ಗಂಟಲು ಹರಿದುಕೊಂಡಿದ್ದ.

ಅವತ್ತು ತಪಾಸಣೆ. ಇಲಾಖೆಯಿಂದ ಬರುವ ಮೇಡಂ ಒಪ್ಪಿದರೆ ಓಂಕಾರೇಶನಿಗೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಮನೆ. ಪ್ರಾಂಶುಪಾಲ ಬಸವರಾಜಪ್ಪ ಬೆಳಿಗ್ಗೆಯೇ ಲ್ಯಾಬಿಗೆ ನುಗ್ಗಿದರು. ಹತ್ತು ಪರದೆಗಳಲ್ಲಿ ಒಂಬತ್ತು ಕೆಂಪಗಿದ್ದವು.

“ಏನ್ರೀ ಇದು, ಮೆಣಸಿನಕಾಯಿ ಒಣಗಾಕಿದೀರಾ? ಮೇಡಂ ಬರೋ ಹೊತ್ತಿಗೆ ಒಂದ್ರಲ್ಲೂ ಕೆಂಪು ಕಾಣಬಾರದು!”

“ಮಕ್ಕಳೇ ಸರಿ ಮಾಡ್ಲಿ ಸಾರ್. ಅರ್ಧ ಗಂಟೆ ಕೊಡಿ.”

“ನಿಮ್ ಅರ್ಧ ಗಂಟೆ ಮನೆ ಹಾಳಾಗ! ಮೊದ್ಲು ಮೇಡಂಗೆ ಖಾರ ಮಂಡಕ್ಕಿ ತನ್ನಿ ಹೋಗಿ.”

ಮಂಡಕ್ಕಿ ಹಿಡಿದು ಮರಳಿದ ಓಂಕಾರೇಶ್ ಬಾಗಿಲಲ್ಲೇ ನಿಂತ. ಹತ್ತೂ ಪರದೆಗಳಲ್ಲಿ ಸರಿ ಉತ್ತರ! ಪಿ.ಟಿ. ಮೇಷ್ಟ್ರು ಪರಮೇಶ್ ಮದುಮಗನಂತೆ ನಗುತ್ತಿದ್ದ.

“ಸರಿಯಾಗಿದ್ದ ಪರದೆ ಫೋಟೋ ಹೊಡ್ದು ಎಲ್ಲಾ ಕಂಪ್ಯೂಟರಲ್ಲೂ ಪರದೆ ತುಂಬಾ ಹಾಕ್ಬಿಟ್ಟೆ ಕಣೋ ಓಂಕಾರಿ!”

“ಲೇ, ಯಾರೋ ಹೇಳಿದ್ದು ನಿಂಗೆ...”

ಅಷ್ಟರಲ್ಲಿ ಮೇಡಂ ಒಳಗೆ ಬಂದೇಬಿಟ್ಟರು. ಕೈಕಟ್ಟಿಕೊಂಡು ಒಂದು ಸುತ್ತು ಹಾಕಿದರು.

“ಹತ್ತಕ್ಕೆ ಹತ್ತೂ ಸರಿ! ಮಕ್ಕಳು ಪಳಗಿಬಿಟ್ಟಿದ್ದಾರೆ. ಇನ್ನು ಇಲ್ಲಿ ಅತಿಥಿ ಉಪನ್ಯಾಸಕರು ಯಾಕೆ? ಏನೂ ಬಾರದ ಮಕ್ಕಳಿರೋ ಕಾಲೇಜಿಗೆ ಈ ಹುದ್ದೆ ಕೊಡೋಣ,” ಎಂದು ಪೆನ್ನು ತೆಗೆದರು.

“ಮೇಡಂ, ಇವ್ರಿಗೂ ಏನೂ ಬರಲ್ಲ!” ಓಂಕಾರೇಶ್ ಕಿರುಚಿದ. ಓಡಾಡಿ ಫೋಟೋಗಳನ್ನೆಲ್ಲ ಪರದೆಯಿಂದ ತೆಗೆದ. ಒಂಬತ್ತು ಪರದೆಗಳು ಕೆಂಪಗೆ ಹಲ್ಲು ಕಿರಿದವು.

ಮೇಡಂ ಪೆನ್ನು ನಿಂತಿತು. “ಫೋಟೋ ಹಾಕಿದ್ದು ಯಾರು?”

ಬಸವರಾಜಪ್ಪ ಫ್ಯಾನು ನೋಡಿದರು. ಪರಮೇಶ್ ಕಳ್ಳನಂತೆ ಕೈ ಎತ್ತಿದ.

“ಇಷ್ಟು ಬೇಗ, ಒಂಬತ್ತಕ್ಕೂ ನೀವೊಬ್ಬರೇ?” ಮೇಡಂ ಮುಖ ಅರಳಿತು. “ಕಂಪ್ಯೂಟರ್ ಇಷ್ಟು ಬಲ್ಲವರು ಮನೆಯಲ್ಲೇ ಇರುವಾಗ ಹೊರಗಿನವರು ಯಾಕ್ರೀ? ನಾಳೆಯಿಂದ ಲ್ಯಾಬ್ ಇವರೇ ನೋಡಿಕೊಳ್ಳಲಿ.”

“ಮತ್ತೆ ನಾನು ಮೇಡಂ?” ಎಂದ ಓಂಕಾರೇಶ್.

ಮೇಡಂ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಕರುಣೆಯಿಂದ ನೋಡಿದರು. “ಮೈದಾನ ಖಾಲಿ ಆಯ್ತಲ್ಲ. ಮಾರ್ಚ್‌ವರೆಗೆ ನೀವು ಕಬಡ್ಡಿ ಆಡಿಸಿ.”

ಮೂರು ತಿಂಗಳಲ್ಲಿ ಮೊದಲ ಸಲ ಮಕ್ಕಳು ಓಂಕಾರೇಶ್ ಮೇಷ್ಟ್ರಿಗೆ ಚಪ್ಪಾಳೆ ತಟ್ಟಿದರು.