ಕರ್ನಲ್ ಹಾರಿದ, ಡೆಲ್ಮಿರೊ ಹುಟ್ಟಿದ

"ಒಂದು ಹಕ್ಕಿ! ಐದು ದಿನ! ಎಂಬತ್ತು ಆಳುಗಳನ್ನ ಕಣ್ಸನ್ನೆಯಲ್ಲೇ ನಡೆಸಿದವನು ನಾನು. ನನಗೆ ಇದೂ ಒಂದು ಕೆಲಸವಾ?" ಎಂದು ಎಲ್ಬಿಯೊ ಬಸ್ ನಿಲ್ದಾಣದಲ್ಲೇ ಎದೆ ತಟ್ಟಿಕೊಂಡ. ಸಾಲ್ಟೊ ಊರಿನ ಕಿತ್ತಳೆ ಮಂಡಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದ ಮನುಷ್ಯ.

"ಕಿತ್ತಳೆಗೆ ರೆಕ್ಕೆ ಇರಲ್ಲ ಎಲ್ಬಿಯೊ," ಎಂದಳು ಹೆಂಡತಿ ಸುಲ್ಮಾ, ಬಸ್ಸಿನ ಕಿಟಕಿಯಿಂದ. "ಕಿಟಕಿ ಮುಚ್ಚದೆ ಪಂಜರ ತೆಗೀಬೇಡ. ಎಲ್ಲಾ ಎರಡು ಹಾಳೆ ತುಂಬ ಬರೆದಿಟ್ಟಿದ್ದೀನಿ. ದಮ್ಮಯ್ಯ, ಓದು!"

ಮಾಂಟೆವಿಡಿಯೊದಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಸುಲ್ಮಾ ಮೊಮ್ಮಗನನ್ನು ನೋಡಲು ಹೊರಟಿದ್ದಳು. ಮನೆಯಲ್ಲಿ ಉಳಿದದ್ದು ಎಲ್ಬಿಯೊ ಮತ್ತು ಕರ್ನಲ್. ಕರ್ನಲ್ ಎಂದರೆ ಹಳದಿ ಜುಟ್ಟಿನ, ಕೆಂಪು ಕೆನ್ನೆಯ ಕಾಕಟೀಲ್ ಗಿಣಿ. ಸುಲ್ಮಾಳ ಪ್ರಾಣ. ಅಂತರ್ಜಾಲದಲ್ಲಿ ಕಾಕಟೀಲ್ ಸಾಕುವವರ ಬಳಗವೊಂದಿದೆ. ಅದರಲ್ಲಿ ಹೊಸಬರನ್ನು ಬರಮಾಡಿಕೊಂಡು ಕೈಹಿಡಿದು ನಡೆಸುವ ಪಟ್ಟ ಅವಳದೇ.

ಹಾಳೆಗಳನ್ನು ಎಲ್ಬಿಯೊ ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟ. ಗಂಡಸಿಗೆ ಯಾಕೆ ಓದು!

ಎರಡನೇ ದಿನ ಬೆಳಿಗ್ಗೆ ಕರ್ನಲ್‌ನನ್ನು ಅಡುಗೆಮನೆಯಲ್ಲಿ ಸುತ್ತಾಡಲು ಬಿಟ್ಟು ಎಣ್ಣೆ ಕಾಯಿಸಿದ. ಎಣ್ಣೆ ಹೊಗೆಯಾಯಿತು, ಹೊಗೆ ಕೆಮ್ಮಾಯಿತು, ಕೆಮ್ಮಿದವನು ಕಿಟಕಿ ತೆರೆದ. ಅಷ್ಟೇ! ಹಕ್ಕಿ ಹಾರಿತು. ಹಿಂದೆಯೇ ಎಲ್ಬಿಯೊನ ಪ್ರಾಣಪಕ್ಷಿಯೂ ರೆಕ್ಕೆ ಬಿಚ್ಚಿತು!

ಕರ್ನಲ್ ಎದುರಿನ ಮರದ ತುದಿಯಲ್ಲಿ ಕೂತು ಜುಟ್ಟು ನಿಮಿರಿಸಿದ. ಎಲ್ಬಿಯೊ ಏಣಿ ತಂದ, ಮೇಜಿನ ಬಟ್ಟೆಯನ್ನು ಬಲೆಯಂತೆ ಹಿಡಿದು ಏರಿದ. ಅವನು ಒಂದು ಕೊಂಬೆ ಏರಿದರೆ ಕರ್ನಲ್ ಎರಡು ಕೊಂಬೆ ಏರಿದ. ನಡುವೆ ಪ್ಯಾಂಟು 'ಚರ್ರ್' ಎಂದಿತು.

"ಈ ವಯಸ್ಸಲ್ಲಿ ಮರ ಯಾಕೆ ಎಲ್ಬಿಯೊ?" ಪಕ್ಕದ ಮನೆಯ ಒಬ್ದೂಲಿಯಾ ಕೆಳಗಿನಿಂದ ಕೂಗಿದಳು.

"ವ್ಯಾಯಾಮ!"

"ಮೇಲೆ ಕೂತಿರೋದು ಕರ್ನಲ್ ಅಲ್ವಾ? ಸುಲ್ಮಾಗೆ ಫೋನ್ ಮಾಡಿ ಕೇಳು ಮಾರಾಯ!"

"ಅದಕ್ಕಿಂತ ಇಲ್ಲಿಂದ ಬೀಳೋದೇ ವಾಸಿ!"

ಹೇಳಿದ್ದೇನೋ ಹೇಳಿದ, ಆದರೆ ಇಂಥ ಸಂಕಟಕ್ಕೆ ಮದ್ದು ಗೊತ್ತಿದ್ದದ್ದು ಊರಲ್ಲಿ ಒಬ್ಬಳಿಗೇ, ಮತ್ತು ಅವಳು ಊರಲ್ಲಿರಲಿಲ್ಲ! ಇಳಿದು ಒಳಗೆ ಓಡಿದವನೇ ಫೋನಿನಲ್ಲಿ ಬಳಗದ ಬಾಗಿಲು ತಟ್ಟಿದ. ಹೆಸರು: ಡೆಲ್ಮಿರೊ. ಮುಖದ ಜಾಗದಲ್ಲಿ ಒಂದು ಕಿತ್ತಳೆ ಹಣ್ಣು. "ನಾನು ಹೊಸಬ. ಹಕ್ಕಿ ಮರದ ಮೇಲಿದೆ. ಏನು ಮಾಡಲಿ?"

ಅರ್ಧ ನಿಮಿಷದಲ್ಲಿ ಉತ್ತರ ಬಂತು. ಸುಲ್ಮಾಳದೇ!

"ಬನ್ನಿ ಬನ್ನಿ ಡೆಲ್ಮಿರೊ ಅವರೇ, ಸ್ವಾಗತ! ಮೊದಲು ಉಸಿರು ತಗೊಳ್ಳಿ. ಎಂಥಾ ಜಾಣರಿಗೂ ಹೀಗಾಗುತ್ತೆ. ನಮ್ಮಲ್ಲಿ ಯಾವ ಪ್ರಶ್ನೆಯೂ ಪೆದ್ದು ಪ್ರಶ್ನೆ ಅಲ್ಲ."

ಎಲ್ಬಿಯೊ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ಕೇಳಿದ್ದೆಲ್ಲ, 'ಉಪ್ಪು ಎಲ್ಲಿದೆ?' ಎನ್ನುವುದೂ ಸೇರಿ, ಪೆದ್ದು ಪ್ರಶ್ನೆಗಳೇ ಆಗಿದ್ದವು!

"ಹೊರಗೆ ಹೇಗೆ ಹೋಯ್ತು?" ಎಂದು ಕೇಳಿದಳು.

ಎಲ್ಬಿಯೊನ ಬೆರಳು ಬರೆಯಿತು: "ಹೆಂಡತಿ ಕಿಟಕಿ ತೆರೆದಿಟ್ಟಿದ್ದಳು. ಅವಳಿಗೆ ಸ್ವಲ್ಪ ಮರೆವು."

"ಪಾಪ, ಬೈಬೇಡಿ ಅವಳಿಗೆ. ನಾನೂ ನನ್ನ ಹಕ್ಕೀನ ಗಂಡನ ಕೈಲಿ ಬಿಟ್ಟು ಬಂದಿದ್ದೀನಿ. ನೂರು ಕೆಲಸ ಕೆಡಿಸ್ತಾನೆ, ಆದ್ರೆ ಇದೊಂದನ್ನ ಕೆಡಿಸಲ್ಲ ಅಂತ ನಂಬಿದ್ದೀನಿ."

ಎಲ್ಬಿಯೊ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ, ಮತ್ತೆ ಎತ್ತಿಕೊಂಡ.

ಆಮೇಲೆ ಅವಳು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಮಾಡಿದ. ಏಣಿ ತೆಗೆದ. ಪಂಜರದ ಬಾಗಿಲು ತೆರೆದು ಬೀದಿಗಿಟ್ಟ. ಕಾಳಿನ ಡಬ್ಬಿ ಅಲ್ಲಾಡಿಸಿದ. ಹಕ್ಕಿಗೆ ಬೆನ್ನು ಮಾಡಿ, ತನಗೇನೂ ಬೇಕಿಲ್ಲ ಎಂಬಂತೆ ಕುರ್ಚಿಯಲ್ಲಿ ಕೂತ. "ಅದಕ್ಕೆ ಗೊತ್ತಿರೋ ರಾಗ ಶಿಳ್ಳೆ ಹಾಕಿ," ಎಂದು ಬಂತು ಅಪ್ಪಣೆ.

"ಶಿಳ್ಳೆ ಬರ್ತಿಲ್ಲ. ಹಲ್ಲುಸೆಟ್ಟಿನ ಸಂದೀಲಿ ಬರೀ ಗಾಳಿ."

"ತೆಗೆದು ಜೇಬಿಗೆ ಹಾಕಿ, ಡೆಲ್ಮಿರೊ ಅವರೇ. ಇಲ್ಲಿ ಯಾರೂ ನಗಲ್ಲ."

ಬೀದಿ ಮಾತ್ರ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಕೇರಿ ಕುರ್ಚಿ ತಂದು ಕೂತಿತ್ತು. ಸುಲ್ಮಾ ದಿನವೂ ಪಾತ್ರೆ ತೊಳೆಯುವಾಗ ಗುನುಗುವ ರಾಗವನ್ನು ಎಲ್ಬಿಯೊ ಬೊಚ್ಚುಬಾಯಲ್ಲಿ ಊದಿದ. ನಾಲ್ಕು ಗಂಟೆ ಊದಿದ. ತುಟಿ ಊದಿಕೊಂಡಿತು, ಊದುವುದು ನಿಲ್ಲಲಿಲ್ಲ! ಹೊತ್ತು ಇಳಿಯುವಾಗ ಮೇಲಿನಿಂದ ಅದೇ ರಾಗದ ಎರಡನೇ ಸಾಲು ಕೇಳಿಸಿತು. ಬೀದಿ ಉಸಿರು ಬಿಗಿಹಿಡಿಯಿತು. ಹಳದಿ ಜುಟ್ಟೊಂದು ಗಾಳಿಯಲ್ಲಿ ತೇಲಿ ಬಂದು, ಪಂಜರದ ಮೇಲಲ್ಲ, ಎಲ್ಬಿಯೊನ ಬೋಳುತಲೆಯ ಮೇಲೆ ಇಳಿಯಿತು!

ಚಪ್ಪಾಳೆ! ಕೇಕೆ! ಒಬ್ದೂಲಿಯಾ ಕಣ್ಣೀರನ್ನೇ ಹಾಕಿದಳು. ಎಲ್ಬಿಯೊ ತಲೆ ಅಲುಗಿಸದೆ, ಕಿರೀಟ ಹೊತ್ತ ಚಕ್ರವರ್ತಿಯ ಹಾಗೆ ಮನೆಯೊಳಗೆ ನಡೆದ.

ಬಳಗದಲ್ಲಿ ಅಭಿನಂದನೆಗಳ ಮಳೆ! "ನಿಮ್ಮಂಥ ಗಂಡ ಸಿಕ್ಕಿದ ಆ ಹೆಂಡತಿ ಪುಣ್ಯವಂತೆ," ಎಂದು ಬರೆದಳು ಸುಲ್ಮಾ. ಎಲ್ಬಿಯೊ ಅದನ್ನು ಹನ್ನೊಂದು ಸಲ ಓದಿದ. ಮಾರನೆಯ ದಿನದಿಂದ ತಾನೇ ಹೊಸಬರನ್ನು ಬರಮಾಡಿಕೊಳ್ಳತೊಡಗಿದ! ಪುಕ್ಕ ಕಿತ್ತುಕೊಳ್ಳುವ ಹಕ್ಕಿಯ ಚಿಂತೆ ಹೊತ್ತು ಬಂದ ಹುಡುಗಿಗೆ, "ಮೊದಲು ಉಸಿರು ತಗೋ ಮಗಳೇ," ಎಂದು ಬರೆದು, ಮುಂದೇನು ಹೇಳಬೇಕೆಂದು ತಿಳಿಯದೆ ಸಕ್ಕರೆ ಡಬ್ಬಿಯ ಕೆಳಗಿನ ಹಾಳೆಗಳನ್ನು ಎಳೆದು, ಮೊದಲ ಸಲ, ಓದಿದ.

ಐದನೇ ದಿನ ಸುಲ್ಮಾ ಬಂದಳು. ಕರ್ನಲ್‌ನನ್ನು ಮುದ್ದಾಡಿದಳು.

"ತೊಂದರೆ ಏನೂ ಕೊಡ್ಲಿಲ್ಲ ತಾನೇ?"

"ಪಂಜರ ಬಿಟ್ಟು ಕದಲಿಲ್ಲ!"

ಸುಲ್ಮಾ ಮಾಟೆ ಎಲೆಗೆ ಬಿಸಿನೀರು ಸುರಿದು, ಕೊಳವೆಯಲ್ಲಿ ಹೀರುವ ಆ ಕಷಾಯವನ್ನು ಅವನ ಕೈಗಿತ್ತಳು. "ನಮ್ಮ ಬಳಗಕ್ಕೆ ಡೆಲ್ಮಿರೊ ಅಂತ ಹೊಸಬ ಬಂದಿದ್ದಾನೆ. ಚಿನ್ನದಂಥ ಮನುಷ್ಯ."

"ಹೌದಾ?" ಎಲ್ಬಿಯೊನ ಎದೆ ಉಬ್ಬಿತು. "ಭಾರೀ ಬುದ್ಧಿವಂತ ಇರ್ಬೇಕು."

"ಭಾನುವಾರ ಬಳಗದವರನ್ನೆಲ್ಲ ಊಟಕ್ಕೆ ಕರೆದಿದ್ದೀನಿ. ಮೂವತ್ತು ಜನ. ಎಲ್ರಿಗೂ ಅವನನ್ನೇ ನೋಡ್ಬೇಕಂತೆ."

ಕಷಾಯ ಮೂಗಿಗೇರಿತು. "ಅವನು... ಬರ್ತೀನಿ ಅಂದನಾ? ಅವನಿಗೆ ಪುರುಸೊತ್ತು ಇರುತ್ತೋ ಇಲ್ವೋ!"

ಸುಲ್ಮಾ ಫೋನನ್ನು ಮೇಜಿನ ಮೇಲಿಟ್ಟಳು. ಒಬ್ದೂಲಿಯಾ ಕಳಿಸಿದ ವಿಡಿಯೊ: ಬೊಚ್ಚುಬಾಯಿ, ಬೋಳುತಲೆ, ತಲೆಯ ಮೇಲೆ ಕರ್ನಲ್.

"ಅದನ್ನ ನೀವೇ ಹೇಳ್ಬೇಕು, ಡೆಲ್ಮಿರೊ ಅವರೇ," ಎಂದಳು ಜೇನಿನಂಥ ದನಿಯಲ್ಲಿ. "ಬರುವಾಗ ಆ ಮರೆವಿನ ಹೆಂಡತೀನೂ ಕರ್ಕೊಂಡು ಬನ್ನಿ. ಅವಳ ಹತ್ರ ನಾನು ಸ್ವಲ್ಪ ಮಾತಾಡ್ಬೇಕು!"