ಹುಣಸೆಮರದ ಕೊಕ್ಕರೆಗೆ ದೇವರ ವಿಚಾರವಾಗಿ ಒಂದು ದೂರು

ನಮ್ಮ ಹಿತ್ತಲ ಹುಣಸೆಮರದ ಮೇಲುಕೊಂಬೆಗೆ ಸಂಸಾರಸಮೇತ ದಯಮಾಡಿಸಿರುವ ಕೊಕ್ಕರೆಯವರಿಗೆ, ಅದೇ ಮರದ ಬುಡದಿಂದ, ತಲೆಗೆ ಗೋಣಿಚೀಲ ಹೊದ್ದುಕೊಂಡು (ಕಾರಣ ತಮಗೆ ಗೊತ್ತಿದೆ), ಕೊಕ್ಕರೆ ಬೆಳ್ಳೂರಿನ ಮರಿಸಿದ್ದಯ್ಯ ಮಾಡುವ ನಮಸ್ಕಾರಗಳು.

ಮಾನ್ಯರೇ,

ಹೆರಿಗೆಗೆ ತವರಿಗೆ ಬಂದ ಮಗಳೆಂದು ತಮ್ಮನ್ನು ಕಾಣುವುದು ಈ ಊರಿನ ವಾಡಿಕೆ. ಆದ್ದರಿಂದ ತಾವಿರುವಷ್ಟು ದಿನ ಹುಣಸೆಹಣ್ಣು ಬಡಿಯದೆ ಬಿಟ್ಟ ಬಗ್ಗೆಯಾಗಲಿ, ಒಗೆದು ಹರವಿದ ನನ್ನ ಪಂಚೆಯ ಮೇಲೆ ತಾವು ದಿನವೂ ಬಿಡಿಸುವ ಚಿತ್ತಾರದ ಬಗ್ಗೆಯಾಗಲಿ ನನ್ನ ತಕರಾರಿಲ್ಲ. ತಕರಾರು ಇರುವುದು, ದೇವರಿದ್ದಾನೆಂಬ ವಾದಕ್ಕೆ ತಾವು ನನ್ನ ಗೆಳೆಯ ಪುಟ್ಟಮಾದಯ್ಯನ ಪರ ಸಾಕ್ಷಿ ನಿಂತಿರುವುದರ ಬಗ್ಗೆ.

ದೇವರಿಲ್ಲವೆಂದು ನಾನು, ಇದ್ದಾನೆಂದು ಅವನು, ಮೂವತ್ತು ವರ್ಷದಿಂದ ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಸುಖವಾಗಿ ಜಗಳವಾಡಿಕೊಂಡಿದ್ದೆವು. ಈ ವರ್ಷ ಅವನು ಅಂಗಡಿಯಿಂದಲೇ ಕಾಣುವ ತಮ್ಮ ಕಡೆ ಕೈತೋರಿಸಿ, ಆ ಹಕ್ಕಿಯನ್ನು ಹೆತ್ತದ್ದು ಇನ್ನೊಂದು ಹಕ್ಕಿ, ಅದನ್ನು ಹೆತ್ತದ್ದು ಮತ್ತೊಂದು, ಹೀಗೇ ಹಿಂದಕ್ಕೆ ಹೋದರೆ ಎಲ್ಲಕ್ಕೂ ಮೊದಲಿಗೆ ಯಾರೂ ಹೆರದವನೊಬ್ಬ ಇರಲೇಬೇಕೆಂದ. ಅವನೊಬ್ಬ ಮಾತ್ರ ಮೊಟ್ಟೆಯಿಲ್ಲದೆ ಹೇಗೆ ಬಂದನೆಂದು ವಿನಯದಿಂದ ಕೇಳಿದ್ದಕ್ಕೆ, "ಲೇ, ಮೊದ್ಲನೇವ್ನ್‌ಗೆ ಯಾವನ್ಲಾ ಮೊಟ್ಟೆ ಇಟ್ಟಾನು?" ಎಂದು ಇಡೀ ಅಂಗಡಿಯನ್ನು ನಗಿಸಿದ. ಸಾಲದ್ದಕ್ಕೆ, ಕೆಸರಿನ ಮೀನಿಗೆಂದೇ ಅಳತೆ ಕೊಟ್ಟು ಮಾಡಿಸಿದಂತಿರುವ ತಮ್ಮ ಕೊಕ್ಕನ್ನು ತೋರಿಸಿ, ಅಳತೆ ತೆಗೆದವನು ಯಾರೆಂದೂ ಕೇಳಿದ.

ನಾನು ಇನ್ನೇನು ಸೋಲಬೇಕು, ಅಷ್ಟರಲ್ಲಿ ತಮ್ಮ ಮರಿಯೊಂದು ಗೂಡಿನಿಂದ ಬಿತ್ತು. ನಾವಿಬ್ಬರೂ ಓಡಿಬಂದು ನೋಡಿದೆವು. ಎಲ್ಲವನ್ನೂ ಬಲ್ಲ, ಎಲ್ಲರನ್ನೂ ಕಾಯುವ ನಿನ್ನ ದೇವರಿಗೆ ಈ ಕೊಂಬೆ ಅಲುಗುವುದು ಗೊತ್ತಾಗಲಿಲ್ಲವೇ ಎಂದು ನಾನು ಗುಡುಗಿದೆ. ಬಿದ್ದದ್ದು ಹುಲ್ಲಿನ ಮೆದೆಯ ಮೇಲಲ್ಲವೇ, ಮೆದೆ ಅಲ್ಲಿಗೆ ಹೇಗೆ ಬಂತು ಎಂದು ಅವನು. ಒಟ್ಟಿದವನು ನಾನೇ ಕಣಯ್ಯಾ ಎಂದು ನಾನು. ನಡುವೆ ಮರಿ ಬಾಯಿ ತೆರೆದುಕೊಂಡು ಬಿದ್ದಿತ್ತು. ನನ್ನ ಹೆಂಡತಿ ಸಣ್ಣತಾಯಮ್ಮ ಬಂದು ಅದನ್ನು ಸೆರಗಿಗೆ ಹಾಕಿಕೊಂಡು, "ದೇವ್ರವ್ನೋ ಇಲ್ವೋ ಆಮ್ಯಾಕ್ ನೋಡ್ಕಳಿ, ಇದು ಸಾಯ್ತಾ ಅದೆ. ಮದ್ದೂರ್ಗೋಗಿ ಮೀನ್ ತಕ್ಕಂಡ್ ಬನ್ನಿ" ಎಂದಳು.

ಅಂದಿನಿಂದ ಎರಡು ತಿಂಗಳು ಮೊದಲ ಬಸ್ಸಿಗೆ ಮದ್ದೂರು, ಎರಡನೆಯ ಬಸ್ಸಿಗೆ ಮೀನಿನೊಂದಿಗೆ ಊರು. ಕಂಡಕ್ಟರು ಈಗ ನನ್ನನ್ನು ಹಿಂದಿನ ಸೀಟಿಗೆ ಕಳಿಸುತ್ತಾನೆ. ಮರಿಗೆ ರೆಕ್ಕೆ ಬಲಿತಿದೆ, ಹಾರುವ ಧೈರ್ಯವಿಲ್ಲ. ಮಳೆ ಹಿಡಿದು ತಮ್ಮವರೆಲ್ಲ ಹೊರಟುಬಿಟ್ಟರೆ ಅದು ಒಂಟಿಯಾಗುತ್ತದೆಂದು ಸಣ್ಣತಾಯಮ್ಮನಿಗೆ ಅನ್ನ ಸೇರುತ್ತಿಲ್ಲ.

ಆದ್ದರಿಂದ ತಾವು ಒಮ್ಮೆ ಟೀ ಅಂಗಡಿಗೆ ಚಿತ್ತೈಸಿ, ತಮ್ಮನ್ನು ಇಲ್ಲಿಗೆ ಯಾರಾದರೂ ಕಳಿಸಿದರೋ, ತಾವಾಗಿಯೇ ಬಂದಿರೋ ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಕಳಿಸಿದ್ದು ದೇವರೇ ಆದರೆ, ಮುಂದಿನ ವರ್ಷ ಅವನ ಭಕ್ತನಾದ ಪುಟ್ಟಮಾದಯ್ಯನ ಮರಕ್ಕೇ ಇಳಿಯಬೇಕು. ಇದೆಲ್ಲ ಆಗದಿದ್ದರೂ ಚಿಂತೆಯಿಲ್ಲ, ಪ್ರಯಾಣವನ್ನು ಎಂಟು ದಿನ ಮಾತ್ರ ಮುಂದಕ್ಕೆ ಹಾಕಬೇಕು.

ಇಂತಿ, ಸದ್ಯಕ್ಕೆ ತಮ್ಮೊಬ್ಬರಲ್ಲೇ ನಂಬಿಕೆಯಿಟ್ಟಿರುವ
ತಮ್ಮ ವಿಶ್ವಾಸಿ,
ಮರಿಸಿದ್ದಯ್ಯ

ತಾಜಾ ಕಲಂ: ಪತ್ರ ಮಡಿಸುವಷ್ಟರಲ್ಲಿ ಮರಿ ಹಾರಿ ತಮ್ಮ ಕೊಂಬೆ ಸೇರಿತು. ದೇವರ ದಯೆ ಎಂದ ಪುಟ್ಟಮಾದಯ್ಯ, ಮೀನಿನ ದಯೆ ಎಂದೆ ನಾನು. ಆದರೆ ಮರುದಿನ ಬೆಳಿಗ್ಗೆ ಅದು ಮತ್ತೆ ನಮ್ಮ ಬಾಗಿಲಿಗೆ ಇಳಿದು ಕೊಕ್ಕು ಕಟಕಟಿಸಿತು. ದೇವರಿದ್ದಾನೆಯೇ ಎಂಬ ಅನುಮಾನ ಅದಕ್ಕೆ ಎಳ್ಳಷ್ಟೂ ಇದ್ದಂತಿಲ್ಲ. ಅದರ ದೇವರು ಹಸಿರು ಸೀರೆ ಉಟ್ಟು, ಬುಟ್ಟಿ ಹಿಡಿದು, ಗಂಡನನ್ನು ಬೈಯುತ್ತಾ ಹೊರಗೆ ಬರುತ್ತದೆ. ಮೀನು ತರುವವನು ನಾನಾದ್ದರಿಂದ ಆ ದೇವರಿಗೆ ಪೂಜಾರಿಯೂ ನಾನೇ. ಈ ಸಂಗತಿ ಪುಟ್ಟಮಾದಯ್ಯನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು.