ಹಳ್ಳದ ತಿರುವಿನಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭಮ್ಮನವರಿಗೆ

ಕೆಂಪು ಮೂಗು, ಹಳದಿ ಕಾಲು, ಮೂರು ಊರಿಗೆ ಕೇಳುವ ಕಂಠ ಇವುಗಳಿಂದ ಶೋಭಿಸುತ್ತಿರುವ, ಗರಸಿನಾಳ ಹಳ್ಳದ ತಿರುವಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ವಾಸ್ತವ್ಯ ಹೂಡಿರುವ ಟಿಟ್ಟಿಭಮ್ಮನವರ ಸನ್ನಿಧಾನಕ್ಕೆ,

ಮಾನ್ಯರೇ,

ಯಲಬುರ್ಗಾ ತಾಲೂಕು ಗರಸಿನಾಳದ ಹಳ್ಳ ಸುಧಾರಣಾ ಸಮಿತಿಯ ಅಧ್ಯಕ್ಷನಾದ ಕಳಕಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಯಜಮಾನರೂ ನಾಲ್ವರು ಮಕ್ಕಳೂ ಹುಳಹುಪ್ಪಡಿ ತಿಂದು ಸುಖವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಗತಿಯೂ ಇಲ್ಲ, ಏಕೆಂದರೆ ಕೋಳಿ ಕೂಗುವ ಮೊದಲೇ ತಾವು ಆ ಸುದ್ದಿಯನ್ನು ಊರ ಮೇಲೆ ಹಾರಾಡಿ ಸಾರಿ ಮುಗಿಸಿರುತ್ತೀರಿ. ನಾನೂ ಕ್ಷೇಮವೇ, ತಮ್ಮ ದೆಸೆಯಿಂದ ಹೋದ ಮಾನ ಒಂದನ್ನು ಬಿಟ್ಟರೆ.

ಹಳ್ಳದ ಕಥೆ ತಮಗೆ ತಿಳಿಯದ್ದೇನಲ್ಲ. ಬಳ್ಳಾರಿ ಜಾಲಿ ಬೆಳೆದು, ಅದರ ಮುಳ್ಳಿಗೆ ಊರಿನ ಪ್ಲಾಸ್ಟಿಕ್ ಚೀಲಗಳೆಲ್ಲ ಸಿಕ್ಕಿಕೊಂಡು, ಬುಡದಲ್ಲಿ ಕ್ರಿಮಿನಾಶಕದ ಬಾಟಲಿಗಳು ಗುಡ್ಡೆಬಿದ್ದು, ಹಳ್ಳದಲ್ಲಿ ನೀರೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಜಾಗವಿತ್ತು. ಈ ಬೇಸಿಗೆಯಲ್ಲಿ ಮನೆಗೊಂದು ಆಳಿನಂತೆ ಊರೇ ಇಳಿದು ಹದಿನೈದು ದಿನ ಜಾಲಿ ಕಡಿದು ಕಸ ಹೊತ್ತೆವು. ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದು ನಾನು ಹೆಚ್ಚು ದುಡಿದೆನೆಂದಲ್ಲ, ನೆಲ ಅಗೆಯುವ ಯಂತ್ರ ಇಡೀ ಊರಿನಲ್ಲಿ ನನ್ನೊಬ್ಬನ ಹತ್ತಿರವಿದೆ ಎಂದು. ಅಧ್ಯಕ್ಷನಾದ ಮೇಲೆ ಸುಮ್ಮನಿರಲಾದೀತೇ? ತಮ್ಮ ತಿರುವನ್ನು ಕಡಿದು ಹಳ್ಳವನ್ನು ನೆಟ್ಟಗೆ ಮಾಡಿದರೆ ನೀರು ಸರಾಗವಾಗಿ ಹೋಗುತ್ತದೆ ಎಂದು ಸಭೆಯಲ್ಲಿ ಕೈಯಾಡಿಸಿ ವಿವರಿಸಿದೆ. ಹಾಗೆ ಮಾಡಿದರೆ ತಿರುವಿನ ಮೂವತ್ತು ಗುಂಟೆ ನೆಲ ಸದ್ದಿಲ್ಲದೆ ನನ್ನ ಹೊಲಕ್ಕೆ ಸೇರುತ್ತದೆ ಎಂಬುದನ್ನು ಮಾತ್ರ ವಿವರಿಸಲಿಲ್ಲ. ಈ ಪತ್ರ ಬಹಿರಂಗವಾದರೂ ಈ ಒಂದು ವಾಕ್ಯವನ್ನು ತಾವು ಮಾತ್ರ ಓದಿ, ಉಳಿದವರು ಕಣ್ಣು ಮುಚ್ಚಿಕೊಳ್ಳಬೇಕಾಗಿ ವಿನಂತಿ.

ಯಂತ್ರವನ್ನು ಭಾನುವಾರ ಸಂಜೆ ಹಳ್ಳಕ್ಕೆ ಇಳಿಸಿದ್ದೇ ನನ್ನ ಬುದ್ಧಿಗೇಡಿತನ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ನನ್ನ ತಾಯಿ ಗುರುಲಿಂಗಮ್ಮನವರು ಯಂತ್ರ ತಂದ ದಿನವೇ ಅದರ ನೆತ್ತಿಗೆ ವಿಭೂತಿ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಚಕ್ರಕ್ಕೆ ಹೋಳಿಗೆ ತೋರಿಸಿದ್ದರಿಂದ ಅದೂ ಎತ್ತೇ ಎಂದು ತೀರ್ಪಿತ್ತರು. ಡೀಸೆಲ್ ಕುಡಿಯುವವರಿಗೆ ಈ ಮಡಿ ಅನ್ವಯಿಸುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡರೂ ಊರು ಅವ್ವನ ಕಡೆಗೇ ವಾಲಿತು. ಮಂಗಳವಾರ ಹೊಸ ಕೆಲಸ ಹಿಡಿಯಬಾರದಂತೆ. ಬುಧವಾರ ಬೆಳಿಗ್ಗೆ ತೆಂಗಿನಕಾಯಿ ಹಿಡಿದು ಬಂದು ನೋಡುತ್ತೇನೆ, ಬಕೆಟ್ಟಿನ ಹಲ್ಲಿನಿಂದ ಎರಡೇ ಮಾರು ದೂರದ ಕಲ್ಲುದಿಬ್ಬದ ಮೇಲೆ ತಾವು ನಾಲ್ಕು ಮೊಟ್ಟೆಗಳ ಸಮೇತ ವಿರಾಜಮಾನರಾಗಿದ್ದಿರಿ! ಎರಡು ದಿನ ರಜೆಯಲ್ಲಿದ್ದ ಯಂತ್ರದ ನೆರಳನ್ನು ತಾವು ತಮಗಾಗಿ ಹಾಕಿಸಿದ ಚಪ್ಪರವೆಂದು ತಿಳಿದಿರಬೇಕು.

ಯಂತ್ರ ನಡೆಸುವ ಉಮರಸಾಬನಿಗೆ ಕೈಸನ್ನೆ ಮಾಡಿದೆ. ಹನ್ನೆರಡು ವರ್ಷ ನನ್ನ ಮಾತು ಮೀರದ ಮನುಷ್ಯ ಕೀಲಿ ತೆಗೆದು ಜೇಬಿಗಿಟ್ಟುಕೊಂಡು, "ಯಜಮಾನ್ರ, ಆಕಿ ಏಳವಲ್ಲಳು, ನಾ ಬಕೆಟ್ ಇಳಸಂಗಿಲ್ರಿ" ಎಂದುಬಿಟ್ಟ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಹೊಳಿಯಮ್ಮ, ತಮ್ಮನ್ನು ನೋಡಿ, ನನ್ನನ್ನು ನೋಡಿ, ಕೋಲೂರಿ ನಿಂತು, "ಬಾಣಂತಿನ ಮನಿ ಬಿಡಿಸಿದ ಊರಿಗೆ ಮಳಿ ಹೆಂಗ ಬಂದೀತು, ಕಳಕಪ್ಪಣ್ಣ?" ಎಂದಳು. ಮುಂಗಾರಿನ ಬಾಗಿಲಲ್ಲಿ ಇಂಥ ಮಾತು ಬಂದ ಮೇಲೆ ಬಕೆಟ್ ಇಳಿಸಲು ನನಗೇನು ಹುಚ್ಚೇ? ಕೊಪ್ಪಳದ ಕೋರ್ಟಿಗೆ ಚಪ್ಪಲಿ ಸವೆಸಿದರೂ ಸಿಗದ ತಡೆಯಾಜ್ಞೆಯನ್ನು ತಾವು ವಕೀಲರಿಲ್ಲದೆ, ಅರ್ಜಿಯಿಲ್ಲದೆ, ಕುಳಿತಲ್ಲೇ ಪಡೆದಿರಿ. ತಮ್ಮ ಕಾನೂನು ಜ್ಞಾನಕ್ಕೆ ಶರಣು.

ಅಂದಿನಿಂದ ಹಳ್ಳ ಸುಧಾರಣಾ ಸಮಿತಿ ತಮ್ಮ ಬಾಣಂತನ ಸಮಿತಿಯಾಯಿತು. ನಾಯಿ ಬಾರದಂತೆ ಕಾಯಲು ದಿನಕ್ಕೊಂದು ಮನೆಯ ಪಾಳಿ, ಕುರಿಗಳಿಗೆ ಬೇರೆ ದಾರಿ, ತಮ್ಮ ಹತ್ತಿರ ಜೋರಾಗಿ ಕೆಮ್ಮಿದವರಿಗೆ ಹೊಳಿಯಮ್ಮನ ಬೈಗುಳ. ಇಷ್ಟೆಲ್ಲ ಸೇವೆಗೆ ತಾವು ತೀರಿಸಿದ ಋಣವೆಂದರೆ ಹತ್ತಿರ ಬಂದವರ ನೆತ್ತಿಯ ಮೇಲೆ ಎರಗುವುದು. ನನ್ನ ನೆತ್ತಿಯ ಮೇಲಂತೂ ವಿಶೇಷ ಕೃಪೆ.

ಮೃಗಶಿರೆ, ನಮ್ಮ ಬಾಯಲ್ಲಿ ಮಿರಗ, ಹುಟ್ಟಿದ ಮೂರನೇ ದಿನಕ್ಕೇ ಮಳೆ ಹಿಡಿಯಿತು. ಮೇಲಿನ ಗುಡ್ಡದಿಂದ ಕೆನ್ನೀರು ನುಗ್ಗಿ ಬೆಳಗಾಗುವಷ್ಟರಲ್ಲಿ ಹಳ್ಳ ಎರಡೂ ದಂಡೆ ತುಂಬಿತ್ತು. ತಾವು ದಿಬ್ಬದ ಮೇಲೆ ರೆಕ್ಕೆ ಹರಡಿ ಕೂತಿದ್ದಿರಿ, ನೀರು ತಮ್ಮಿಂದ ಒಂದು ಮೊಳ ಕೆಳಗಿತ್ತು. ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದ ನಾನು, ಮೊಟ್ಟೆ ಕೊಚ್ಚಿಹೋದರೆ ಮೂವತ್ತು ಗುಂಟೆ ನನ್ನದು ಎಂದು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಕೊಡೆ ಎಸೆದು ಊರಿಗೆ ಓಡಿದೆ. ನಲವತ್ತು ಜನ ಖಾಲಿ ಗೊಬ್ಬರ ಚೀಲಗಳಿಗೆ ಗರಸುಮಣ್ಣು ತುಂಬಿ ಹೊತ್ತು ತಂದರು. ಉಮರಸಾಬ ಯಾರೂ ಹೇಳದೆ ಯಂತ್ರ ಏರಿ ದಿಬ್ಬದ ಮೇಲ್ಬದಿಗೆ ಬಂಡೆಗಲ್ಲು ನಿಲ್ಲಿಸಿದ. ತಿರುವನ್ನು ಕಡಿಯಲು ತಂದ ಯಂತ್ರ ತಿರುವನ್ನು ಕಾಯುತ್ತಿತ್ತು, ತಾವು ಕಾಯುವವರನ್ನೇ ಕುಕ್ಕುತ್ತಿದ್ದಿರಿ, ಮಳೆಯಲ್ಲಿ ನಲವತ್ತು ಜನ ಕೈಯಿಂದ ತಲೆ ಮುಚ್ಚಿಕೊಂಡು ನಗುತ್ತಿದ್ದರು. ಗಾಂಧಿ ಟೋಪಿ ಬೀಳಿಸಿಕೊಂಡವನು ಮಾತ್ರ ನಾನೊಬ್ಬನೇ. ಅದು ಇಷ್ಟು ಹೊತ್ತಿಗೆ ತುಂಗಭದ್ರೆಗೆ ಸೇರಿ ಹೊಳೆನಡುವಿನ ವಿರೂಪಾಪುರಗಡ್ಡೆಯ ಗದ್ದೆಗಳ ದರ್ಶನ ಮಾಡಿರಬೇಕು.

ನೀರಿಳಿದ ಮೇಲೆ ನೋಡಿದೆವು. ನುಗ್ಗಿ ಬಂದ ಹಳ್ಳ ತಮ್ಮ ತಿರುವಿಗೆ ಬಡಿದು, ಸೊಕ್ಕು ಇಳಿಸಿಕೊಂಡು, ಮಣ್ಣನ್ನು ಅಲ್ಲೇ ಕೆಡವಿ, ತಣ್ಣಗೆ ಊರು ದಾಟಿತ್ತು. ನಾನು ಗೆರೆ ಎಳೆದಂತೆ ನೆಟ್ಟಗೆ ಕಡಿದಿದ್ದರೆ ಅದು ನೇರವಾಗಿ ಕೆಳಗೇರಿಗೆ ನುಗ್ಗುತ್ತಿತ್ತು. ಕೆಳಗೇರಿಯ ಮೊದಲ ಮನೆ ಉಮರಸಾಬನದು. ಅವನ ಹೆಂಡತಿ ಮೆಹಜಬೀನ ಅಂದು ಬೆಳಿಗ್ಗೆ ಆರು ತಿಂಗಳ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಚೀಲ ಹೊರಲು ಬಂದಿದ್ದಳು. ಇದನ್ನು ತಮಾಷೆಗೆ ಬರೆಯುತ್ತಿಲ್ಲ. ಆದಕಾರಣ ಕಳೆದ ವಾರದ ಸಭೆಯಲ್ಲಿ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿ, ತಿರುವು ಹಳ್ಳದ್ದೇ ಎಂದೂ, ಎರಡೂ ದಂಡೆಗೆ ಹತ್ತು ಮಾರು ಯಾರೂ ಉಳಬಾರದೆಂದೂ ಬರೆದ ಕಾಗದಕ್ಕೆ ಮೊದಲ ಸಹಿ ಹಾಕಿದೆ. ಊರವರಿಗೆ ಅದು ಮೊದಲೇ ಗೊತ್ತಿತ್ತಂತೆ. ಇಂಥ ಅವಮಾನವನ್ನು ಯಾವ ಅಧ್ಯಕ್ಷ ತಡೆದುಕೊಂಡಾನು?

ಇನ್ನು ತಮ್ಮ ನಡತೆಯ ಬಗ್ಗೆ ಒಂದು ದೂರು. ಮರಿಗಳು ಹೊರಬಂದ ಮಾರನೆಯ ದಿನ ನನ್ನ ತಾಯಿ ಕಿನ್ನಾಳದಿಂದ ಬಣ್ಣದ ತೊಟ್ಟಿಲು ತರಿಸಿ, ಹೆಸರಿಡುವ ಶಾಸ್ತ್ರಕ್ಕೆಂದು ಗುಗ್ಗರಿ ಬೇಯಿಸಿ ಬಂದರೆ, ತಾವು ಹತ್ತಿಯುಂಡೆಯಂಥ ನಾಲ್ವರನ್ನೂ ನಡೆಸಿಕೊಂಡು ಹೇಳದೆ ಕೇಳದೆ ಹೊರಟುಹೋಗಿದ್ದಿರಿ. ಗುಗ್ಗರಿ ತಿಂದವರು ನಾವು, ಹೆಸರಿಡಿಸಿಕೊಂಡವರು ಯಾರೂ ಇಲ್ಲ.

ಪರಿಹಾರವಾಗಿ ನಮ್ಮ ಕೆಲವು ಸಣ್ಣ ಕೋರಿಕೆಗಳನ್ನು ತಾವು ನಡೆಸಿಕೊಡಬೇಕು. ಬರುವ ವರ್ಷ ಒಂದು ಮೊಟ್ಟೆಯನ್ನು ಕುಷ್ಟಗಿ ಕಡೆ ಗುಡ್ಡ ಸೀಳುವ ಕ್ವಾರಿಯ ನಡುಮಧ್ಯೆ ಇಡಬೇಕು, ಒಂದನ್ನು ಗಂಗಾವತಿಯ ಕಾಲುವೆ ಬದಿಯಲ್ಲಿ ಹೊಲಸು ನೀರು ಬಿಡುವ ಕೊಳವೆಯ ಬಾಯಲ್ಲಿ, ಒಂದನ್ನು ಕೊಪ್ಪಳದ ಹೊರಗೆ ಕೆರೆಯಂಗಳದಲ್ಲಿ ಸೈಟಿಗೆಂದು ನೆಟ್ಟ ಕಲ್ಲಿನ ಪಕ್ಕ. ನಾಲ್ಕನೆಯದನ್ನು ಯಾವುದಾದರೂ ದೊಡ್ಡ ಸಾಹೇಬರ ಮೇಜಿನ ಮೇಲೆ, ಸಹಿಗೆ ಕಾದ ಕಡತದ ಮೇಲೆಯೇ ಇಟ್ಟು ಕಾವು ಕೊಡಬೇಕು. ಕಾವಲಿಗೆ ಹೊಳಿಯಮ್ಮನನ್ನು ಕಳಿಸಿಕೊಡುತ್ತೇವೆ, ಬೈಗುಳದ ಖರ್ಚು ಸಮಿತಿಯದು.

ಟೋಪಿ ಕಳೆದುಕೊಂಡು, ಮೂವತ್ತು ಗುಂಟೆ ಬಿಟ್ಟುಕೊಟ್ಟು, ಆದರೂ ಬೆಳಿಗ್ಗೆ ತಮ್ಮ ಕೂಗು ಕೇಳದಿದ್ದರೆ ಚಹಾ ರುಚಿಸದಂತಾಗಿರುವ,

ತಮ್ಮ ವಿಶ್ವಾಸಿ,
ಕಳಕಪ್ಪ
ಗರಸಿನಾಳ

ತಾ.ಕ.: ತಾವೂ ತಮ್ಮ ಯಜಮಾನರೂ ಈಗ ನನ್ನ ಹೆಸರಿನ ಹೊಲದ ನಟ್ಟನಡುವೆ ಕಲ್ಲು ಸರಿಸಿ, ಎದೆಯೂರಿ ಜಾಗ ಪರೀಕ್ಷಿಸುತ್ತಿರುವುದು ನನ್ನ ಕಣ್ಣಿಗೆ ಬಿದ್ದಿದೆ. ಆ ನೆಲಕ್ಕೆ ಪಹಣಿ ಇದೆ, ಅದು ನನ್ನದೇ, ಇದರಲ್ಲಿ ತಮಗೆ ಸಂಶಯ ಬೇಡ. ನಿನ್ನೆ ಬಿತ್ತುವಾಗ ಆ ಜಾಗ ಬಂದಾಗ ಕೂರಿಗೆಯನ್ನು ಎತ್ತಿ ದಾಟಿಸಿದೆ. ಸುತ್ತಲ ಹತ್ತೂರಿನಲ್ಲಿ ನೆಟ್ಟನೆಯ ಸಾಲಿಗೆ ಹೆಸರಾದ ನನ್ನ ಹೊಲದಲ್ಲಿ ಈಗ ಮಧ್ಯೆ ಎರಡು ಮಾರು ಬಯಲು ಬಿದ್ದಿದೆ, ದಾರಿಹೋಕರು ಕಳಕಪ್ಪನಿಗೆ ಬಿತ್ತುವುದು ಮರೆತುಹೋಯಿತೇ ಎಂದು ನಗುತ್ತಿದ್ದಾರೆ. ದಯವಿಟ್ಟು ಬೇಗ ಮೊಟ್ಟೆಯಿಟ್ಟು ನನ್ನ ಮರ್ಯಾದೆ ಉಳಿಸಿ.